ಹಸಿದ ಸೂತ್ರಧಾರನ ಭಾಷೆ: ಗಡಿನಾಡಿನಿಂದ ‘ಮೃಚ್ಛಕಟಿಕ’ದ ಓದು

ಶೂದ್ರಕನ ‘ಮೃಚ್ಛಕಟಿಕ’ವನ್ನು ಸಿರಿ ಕಳೆದುಕೊಂಡ ಸಾರ್ಥವಾಹ ಚಾರುದತ್ತ ಮತ್ತು ಉಜ್ಜಯಿನಿಯ ಗಣಿಕೆ ವಸಂತಸೇನೆಯರ ಪ್ರಣಯಕಥೆಯೆಂದು ಸಂಗ್ರಹಿಸುವುದು ವಾಡಿಕೆ. ಆದರೆ ಹತ್ತು ಅಂಕಗಳ ಈ ಪ್ರಕರಣವನ್ನು ಮುಂದೆ ನೂಕುವುದು ಪ್ರಣಯವಲ್ಲ, ಒಡವೆಗಳ ಒಂದು ಪೆಟ್ಟಿಗೆ. ಅದು ನಂಬಿಕೆಯ ಇಡುಗಂಟಾಗಿ ಬಡವನ ಮನೆ ಸೇರುತ್ತದೆ, ಕಳುವಾಗುತ್ತದೆ, ಕಳ್ಳನ ಕೈಯಿಂದಲೇ ಒಡತಿಗೆ ಮರಳುತ್ತದೆ. ಆ ಒಡವೆಗಳೇ ಮುಂದೆ ಮಗುವಿನ ಮಣ್ಣಿನ ಬಂಡಿಯನ್ನು ತುಂಬಿ, ಕಡೆಗೆ ನ್ಯಾಯಸಭೆಯ ನೆಲಕ್ಕೆ ಬಿದ್ದು ನಿರಪರಾಧಿಯ ವಿರುದ್ಧ ಸಾಕ್ಷಿ ನುಡಿಯುತ್ತವೆ. ಒಡವೆಗಳು ಹೀಗೆ ಕೈಯಿಂದ ಕೈಗೆ ದಾಟುವಾಗ ನಾಟಕದ ಮಾತು ಬಾಯಿಂದ ಬಾಯಿಗೆ ಬೇರೆ ಬೇರೆ ಭಾಷೆಗಳಲ್ಲಿ ದಾಟುತ್ತದೆ. ಈ ಎರಡನೆಯ ದಾಟುವಿಕೆಯನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ವ್ಯಾಕರಣದ ವಿಷಯವೆಂದು ಬದಿಗಿರಿಸಿದೆ. ಕನ್ನಡ, ತಮಿಳು, ತೆಲುಗು ಮೂರೂ ನಿತ್ಯ ಬಳಕೆಯಲ್ಲಿರುವ ಹೊಸೂರು–ಕೃಷ್ಣಗಿರಿಯಂಥ ನೆಲದಲ್ಲಿ ನಿಂತು ಓದಿದರೆ ಅದು ವ್ಯಾಕರಣವಲ್ಲ, ಕಥೆಯ ಕ್ರಿಯೆಯೇ ಎಂಬುದು ಕಾಣುತ್ತದೆ.

ಮೊದಲ ಸಾಕ್ಷ್ಯ ಪ್ರಸ್ತಾವನೆಯಲ್ಲೇ ಇದೆ. ದೀರ್ಘ ತಾಲೀಮು ಮುಗಿಸಿದ ಸೂತ್ರಧಾರನಿಗೆ ಕಣ್ಣು ಕತ್ತಲೆ ಬರುವಷ್ಟು ಹಸಿವು. ನಾಟಕವನ್ನೂ ಕವಿಯನ್ನೂ ಸಂಸ್ಕೃತದಲ್ಲಿ ಪರಿಚಯಿಸಿದ ಅವನು ಮನೆಯ ಕಡೆ ತಿರುಗುವಾಗ, ಕಾರ್ಯವಶದಿಂದಲೂ ಪ್ರಯೋಗವಶದಿಂದಲೂ ಇನ್ನು ಪ್ರಾಕೃತದಲ್ಲಿ ಆಡುತ್ತೇನೆಂದು ಸಭೆಗೆ ತಿಳಿಸುತ್ತಾನೆ. ಮನೆಯಲ್ಲಿ ಅಡುಗೆಯ ಸಡಗರವಿದೆ. ಉಣ್ಣಲು ಏನಾದರೂ ಇದೆಯೇ ಎಂದರೆ ನಟಿ ಎಲ್ಲವೂ ಇದೆಯೆಂದು ಭಕ್ಷ್ಯಗಳ ಪಟ್ಟಿ ಕೊಡುತ್ತಾಳೆ. ಎಲ್ಲಿ ಎಂದರೆ ಅಂಗಡಿಯಲ್ಲಿ! ಅಡುಗೆ ಅವಳ ವ್ರತದ್ದು, ವ್ರತ ಮುಂದಿನ ಜನ್ಮದಲ್ಲಿ ಒಳ್ಳೆಯ ಗಂಡ ಸಿಗಲೆಂದು. ಸಭೆಗೆ ಸಂಸ್ಕೃತ, ಹೊಟ್ಟೆಗೆ ಪ್ರಾಕೃತ ಎಂಬ ಈ ವಿಭಜನೆಯನ್ನು ಟೀಕಾಕಾರರು ಸ್ತ್ರೀಯರೊಡನೆ ಪ್ರಾಕೃತ ಆಡಬೇಕೆಂಬ ನಿಯಮಕ್ಕೆ ಹಚ್ಚುತ್ತಾರೆ. ನಿಯಮ ಸರಿಯೇ, ಆದರೆ ನಿಯಮವನ್ನು ಪಾಲಿಸುವವನು ತಾನು ಪಾಲಿಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳಿದಾಗ ಅದು ಹಾಸ್ಯವಾಗುತ್ತದೆ. ರಂಗಕರ್ಮಿಯ ಬಡತನ ಮತ್ತು ಭಾಷೆ ಬದಲಿಸುವ ಅವನ ಚಾತುರ್ಯ, ಎರಡೂ ಒಂದೇ ಉಸಿರಿನಲ್ಲಿ ಪ್ರವೇಶಿಸುತ್ತವೆ.

ಅದೇ ಬಡತನ ಮೂರನೆಯ ಅಂಕದಲ್ಲಿ ಕನ್ನದ ಕಿಂಡಿಯ ಮೂಲಕ ಮತ್ತೆ ಇಣುಕುತ್ತದೆ. ಮದನಿಕೆಯೆಂಬ ದಾಸಿಯನ್ನು ಬಿಡಿಸಿಕೊಳ್ಳಲು ಹಣ ಬೇಕಾದ ಶರ್ವಿಲಕ ಹುಟ್ಟಿನಿಂದ ಬ್ರಾಹ್ಮಣ, ಕಸುಬಿನಿಂದ ಕಳ್ಳ. ಅಳತೆದಾರವನ್ನು ಮರೆತು ಬಂದದ್ದರಿಂದ ಜನಿವಾರದಲ್ಲೇ ಗೋಡೆಯನ್ನು ಅಳೆಯುತ್ತಾನೆ. ಕಿಂಡಿ ತಾವರೆಯ ಆಕಾರದಲ್ಲಿರಬೇಕೋ ಅರ್ಧಚಂದ್ರನಂತಿರಬೇಕೋ ಎಂದು ಶಾಸ್ತ್ರೋಕ್ತವಾಗಿ ವಿಚಾರಿಸಿ ಪೂರ್ಣಕುಂಭವನ್ನು ಆರಿಸುತ್ತಾನೆ. ಒಳಗೆ ಬಂದವನ ಕಣ್ಣಿಗೆ ಬೀಳುವುದು ಮೃದಂಗ, ಪಣವ, ವೀಣೆ, ಕೊಳಲು, ಪುಸ್ತಕಗಳು. ಇದು ನಾಟ್ಯಾಚಾರ್ಯನ ಮನೆಯಿರಬಹುದೇ ಎಂಬುದು ಅವನ ಮೊದಲ ಶಂಕೆ. ಇವನು ನಿಜವಾಗಿಯೂ ದರಿದ್ರನೋ, ಹಣವನ್ನು ನೆಲದಲ್ಲಿ ಹೂತಿಟ್ಟಿರುವವನೋ ಎಂಬುದು ಎರಡನೆಯದು. ವಾದ್ಯಗಳನ್ನು ಕಂಡ ಕಳ್ಳನಿಗೆ ಕದಿಯಲು ಏನೂ ಇಲ್ಲವೆಂಬ ನಿರಾಶೆ ಹುಟ್ಟುವುದು ರಂಗದವರ ಬಾಳಿನ ಬಗ್ಗೆ ರಂಗವೇ ಮಾಡಿಕೊಂಡ ನಗೆ. ನಿದ್ದೆಗಣ್ಣಿನಲ್ಲಿ ಕನವರಿಸುವ ವಿದೂಷಕ ಮೈತ್ರೇಯ, ಹರಕು ಸ್ನಾನವಸ್ತ್ರದಲ್ಲಿ ಸುತ್ತಿದ ಪೆಟ್ಟಿಗೆಯನ್ನು ಗೋಬ್ರಾಹ್ಮಣರ ಆಣೆಯಿಟ್ಟು ಅವನ ಕೈಗೇ ಒಪ್ಪಿಸದೆ ಹೋಗಿದ್ದರೆ ಶರ್ವಿಲಕ ಬರಿಗೈಯಲ್ಲೇ ಮರಳುತ್ತಿದ್ದನೇನೋ. ಗಮನಿಸಬೇಕಾದದ್ದು, ಇಡೀ ಕನ್ನಗಳವು ನಿರ್ದುಷ್ಟ ಸಂಸ್ಕೃತದಲ್ಲಿ ನಡೆಯುತ್ತದೆ. ಮಾರನೆಯ ದಿನ ತನ್ನ ತವರಿನ ರತ್ನಹಾರವನ್ನು ಸದ್ದಿಲ್ಲದೆ ಕೊಟ್ಟು ಗಂಡನ ಮಾನ ಉಳಿಸುವ ಧೂತೆ ಆಡುವುದು ಪ್ರಾಕೃತ. ಭಾಷೆಯ ಎತ್ತರಕ್ಕೂ ನಡತೆಯ ಎತ್ತರಕ್ಕೂ ಸಂಬಂಧ ಕಡಿದುಹೋಗಿದೆ.

ಟೀಕಾಕಾರ ಪೃಥ್ವೀಧರ ಈ ನಾಟಕದಲ್ಲಿ ಶೌರಸೇನಿ, ಆವಂತಿಕಾ, ಪ್ರಾಚ್ಯಾ, ಮಾಗಧಿ ಎಂಬ ನಾಲ್ಕು ಪ್ರಾಕೃತಗಳನ್ನೂ ಶಾಕಾರಿ, ಚಾಂಡಾಲಿ, ಢಕ್ಕಿ ಎಂಬ ಮೂರು ಅಪಭ್ರಂಶಗಳನ್ನೂ ಗುರುತಿಸಿದ್ದಾನೆ. ಈ ಪಟ್ಟಿಯನ್ನು ಪಾತ್ರಗಳಿಗೆ ಹಚ್ಚಿದ ಚೀಟಿಗಳೆಂದು ಭಾವಿಸಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಕಳವಿನ ರಾತ್ರಿ ಸಂಗೀತ ಕೇಳಿ ಬರುವಾಗ ಮೈತ್ರೇಯ, ಸಂಸ್ಕೃತ ಓದುವ ಹೆಂಗಸನ್ನು ಕಂಡರೆ ತನಗೆ ನಗು ಬರುತ್ತದೆ, ಆಕೆಯ ದನಿ ಹೊಸದಾಗಿ ಮೂಗುದಾರ ಹಾಕಿಸಿಕೊಂಡ ಹಸುವಿನ ಉಸಿರಿನಂತೆ ಎನ್ನುತ್ತಾನೆ. ಮುಂದಿನ ಅಂಕದಲ್ಲಿ ಅವನು ರತ್ನಹಾರ ಹಿಡಿದು ವಸಂತಸೇನೆಯ ಮನೆಗೆ ಹೋದಾಗ, ಶೌರಸೇನಿ ಆಡುವ ಅವಳು ಚಾರುದತ್ತನ ಕುಶಲವನ್ನು ಸಂಸ್ಕೃತ ಶ್ಲೋಕದಲ್ಲಿ ವಿಚಾರಿಸುತ್ತಾಳೆ. ನಗಬೇಕಾಗಿದ್ದ ಮೈತ್ರೇಯನಿಗೆ ನಗು ಬರುವುದಿಲ್ಲ. ಶೂದ್ರಕ ಹಾಸ್ಯವನ್ನು ಒಂದು ಅಂಕದಲ್ಲಿ ಬಿತ್ತಿ, ಮುಂದಿನ ಅಂಕದಲ್ಲಿ ಹಾಸ್ಯ ಮಾಡಿದವನ ಮೇಲೆಯೇ ಅದನ್ನು ಸದ್ದಿಲ್ಲದೆ ತಿರುಗಿಸಿದ್ದಾನೆ.

ಕನ್ನಡ–ತಮಿಳು ಓದುಗರಿಗೆ ಇನ್ನೂ ಹತ್ತಿರದ್ದು ಆರನೆಯ ಅಂಕ. ಸೆರೆಯಿಂದ ತಪ್ಪಿಸಿಕೊಂಡ ಆರ್ಯಕ ಗಾಡಿಯೊಳಗೆ ಅಡಗಿದ್ದಾನೆ. ಕಾವಲಿನ ಅಧಿಕಾರಿ ಚಂದನಕ ಅವನನ್ನು ಕಂಡು ಅಭಯ ಕೊಟ್ಟಿದ್ದಾನೆ. ಆದರೆ ಒಳಗಿರುವುದು ಯಾರೆಂದು ಹೇಳುವಾಗ ಲಿಂಗ ತಪ್ಪಿ, ಆರ್ಯೆ ಎನ್ನಬೇಕಾದಲ್ಲಿ ಆರ್ಯ ಎಂದುಬಿಡುತ್ತಾನೆ. ಜೊತೆಯ ಅಧಿಕಾರಿ ವೀರಕನಿಗೆ ಸಂಶಯ. ಚಂದನಕನ ಸಮಜಾಯಿಷಿ ಅದ್ಭುತವಾದದ್ದು: ತಾವು ದಾಕ್ಷಿಣಾತ್ಯರು, ಮಾತು ಅಸ್ಪಷ್ಟ, ಹಲವು ದೇಶಗಳ ನುಡಿ ಬಲ್ಲವರು, ಮನಬಂದಂತೆ ಆಡುವವರು. ಅವನು ಕೊಡುವ ಜನಾಂಗಗಳ ಪಟ್ಟಿಯಲ್ಲಿ ಕರ್ಣಾಟರೂ ದ್ರವಿಡರೂ ಇದ್ದಾರೆ. ಅಷ್ಟೂ ಸಾಲದೆ ಬಂದಾಗ ಅವನು ಹೂಡುವ ಉಪಾಯ ‘ಕರ್ಣಾಟ ಕಲಹ’. ಜಗಳದ ಗದ್ದಲದಲ್ಲಿ ಗಾಡಿ ಮುಂದೆ ಸಾಗುತ್ತದೆ, ಆರ್ಯಕ ಉಳಿಯುತ್ತಾನೆ, ಅವನು ಉಳಿದುದರಿಂದಲೇ ಕಡೆಗೆ ರಾಜ್ಯ ಬದಲಾಗುತ್ತದೆ. ದಕ್ಷಿಣದವರ ಮಾತು ಒರಟು ಎಂಬ ಪೂರ್ವಗ್ರಹ ಇಲ್ಲಿ ಇದ್ದೇ ಇದೆ. ಆದರೆ ಚಂದನಕ ಅದಕ್ಕೆ ನಾಚುವುದಿಲ್ಲ, ಅದನ್ನು ಗುರಾಣಿ ಮಾಡಿಕೊಳ್ಳುತ್ತಾನೆ. ಎರಡು ಭಾಷೆಗಳ ನಡುವೆ ಬದುಕುವವನ ತಪ್ಪು ಅವನ ಕೊರತೆಯಾಗದೆ ಅವನ ಮರೆಯಾಗುತ್ತದೆ.

ಇದಕ್ಕೆ ವಿರುದ್ಧವಾದ ತುದಿಯಲ್ಲಿ ಇಬ್ಬರಿದ್ದಾರೆ. ರಾಜನ ಮೈದುನ ಶಕಾರ ಸಕಾರವೆಲ್ಲವನ್ನೂ ಶಕಾರ ಮಾಡುತ್ತಾನೆ. ರಾಮನಿಗೆ ಹೆದರಿದ ದ್ರೌಪದಿ, ರಾವಣನ ಕೈಗೆ ಸಿಕ್ಕ ಕುಂತಿ ಎಂದು ಪುರಾಣ ಕಲಸುತ್ತಾನೆ. ಕನ್ನಡದಲ್ಲಿ ‘ಶಂಕರ’ನನ್ನು ‘ಸಂಕರ’ ಎಂದವನನ್ನು ಹಳ್ಳಿಗನೆಂದು ನಗುವುದುಂಟು. ಇಲ್ಲಿ ಅಪಹಾಸ್ಯಕ್ಕೆ ಗುರಿಯಾದವನು ಅಧಿಕಾರದಲ್ಲಿರುವವನು, ಅವನ ತಪ್ಪೂ ತಿರುವುಮುರುವು. ಇನ್ನೊಂದೆಡೆ ಚಾರುದತ್ತ. ಅವನಿಗಿರುವುದು ಒಂದೇ ಭಾಷೆ, ಒಂದೇ ದನಿ. ಮೈತ್ರೇಯನ ಕಂಕುಳಿಂದ ಒಡವೆಗಳು ನ್ಯಾಯಸಭೆಯಲ್ಲಿ ಜಾರಿ ಬಿದ್ದಾಗ ಅವನು ಬಹುಮಟ್ಟಿಗೆ ಮೂಕನಾಗುತ್ತಾನೆ. ಸೂತ್ರಧಾರ, ವಸಂತಸೇನೆ, ಚಂದನಕ ತಂತಮ್ಮ ಮಾತನ್ನು ಸಂದರ್ಭಕ್ಕೆ ಹೊರಳಿಸಬಲ್ಲರು. ಹೊರಳಿಸಲಾರದ ಸಜ್ಜನ ವಧ್ಯಸ್ಥಾನದವರೆಗೆ ನಡೆಯುತ್ತಾನೆ. ಅಲ್ಲಿ ಅವನಿಗಾಗಿ ಮರುಗುವ ಇಬ್ಬರು ಚಾಂಡಾಲರ ನುಡಿ ಶ್ರೇಣಿಯಲ್ಲಿ ಎಲ್ಲಕ್ಕಿಂತ ಕೆಳಗಿನದು, ಕರುಣೆಯಲ್ಲಿ ಅಲ್ಲ.

ಆಧುನಿಕ ಕಾಲದಲ್ಲಿ ಈ ಕೃತಿಯ ನಂಟು ಕನ್ನಡಿಗರೊಡನೆ ಗಾಢವಾಗಿಯೇ ಇದೆ. ಮೋಹನ್ ಭವನಾನಿ ನಿರ್ದೇಶಿಸಿದ 1931ರ ಮೂಕಿಚಿತ್ರದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅಭಿನಯಿಸಿದರು. 1941ರ ಕನ್ನಡ ‘ವಸಂತಸೇನಾ’ದಲ್ಲಿ ವೃತ್ತಿರಂಗಭೂಮಿಯಿಂದ ಬಂದ ಎಂ.ವಿ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಮುಖ್ಯ ಭೂಮಿಕೆಗಳಲ್ಲಿದ್ದರು. 1984ರಲ್ಲಿ ಗಿರೀಶ ಕಾರ್ನಾಡರು ಇದನ್ನು ಹಿಂದಿಯ ‘ಉತ್ಸವ್’ ಆಗಿಸಿದಾಗ ಕಳ್ಳನ ಪಾತ್ರ ಶಂಕರನಾಗ್ ಅವರದಾಯಿತು. ಬನ್ನಂಜೆ ಗೋವಿಂದಾಚಾರ್ಯರ ಅನುವಾದವಂತೂ ‘ಆವೆಯ ಮಣ್ಣಿನ ಆಟದ ಬಂಡಿ’ ಎಂಬ ಹೆಸರಿನಲ್ಲೇ ಸಂಸ್ಕೃತದ ಸಮಾಸವನ್ನು ಒಡೆದು ಅಚ್ಚಗನ್ನಡದ ಮಾತುಗಳಲ್ಲಿ ಹರಡಿತು. ಆದರೂ ಹೆಸರು ಎಷ್ಟು ದೇಸಿಯಾದರೂ, ಒಂದು ಬಹುಭಾಷಾ ನಾಟಕವನ್ನು ಒಂದು ಭಾಷೆಗೆ ತರುವ ಕೆಲಸದಲ್ಲೇ ತೊಡಕಿದೆ. ಮೂಲದಲ್ಲಿ ಸೂತ್ರಧಾರ ಹೊಸ್ತಿಲಲ್ಲಿ ಭಾಷೆ ಬದಲಿಸುತ್ತಾನೆ. ಎಲ್ಲರೂ ಒಂದೇ ಶಿಷ್ಟಗನ್ನಡ ಅಥವಾ ಒಂದೇ ಹಿಂದಿ ಆಡುವ ರೂಪದಲ್ಲಿ ಹೊಸ್ತಿಲೇ ಇರುವುದಿಲ್ಲ. ಚಂದನಕನ ತಪ್ಪು ಬರಿಯ ಬಾಯ್ತಪ್ಪಾಗುತ್ತದೆ, ವಸಂತಸೇನೆಯ ಶ್ಲೋಕ ಬರಿಯ ಶ್ಲೋಕವಾಗುತ್ತದೆ.

ಈ ಹೊಸ್ತಿಲು ಎಲ್ಲಿ ಇನ್ನೂ ಸವೆದಿಲ್ಲ ಎಂದು ಕೇಳಿದರೆ ಉತ್ತರ ದೂರವಿಲ್ಲ. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಕೆಲಮಂಗಲ, ದೇಂಕಣಿಕೋಟೆಗಳಲ್ಲಿ ಮನೆಯ ಮಾತೊಂದು, ಶಾಲೆಯ ಮಾತೊಂದು, ಸಂತೆಯ ಮಾತೊಂದು ಆಗಿರುವುದು ವಿಶೇಷವಲ್ಲ. ಇಲ್ಲಿಯ ರಂಗಪರಂಪರೆಗಳಿಗೂ ಮಾತಿನ ಮಟ್ಟ ಬದಲಿಸುವುದು ಹೊಸತಲ್ಲ. ತಮಿಳು ತೆರುಕ್ಕೂತ್ತಿನಲ್ಲಿ ಅರಸ ಹಾಡಿನಲ್ಲಿ ಗರ್ಜಿಸಿದರೆ ಕಟ್ಟಿಯಕ್ಕಾರ ಅದನ್ನು ಆಡುಮಾತಿಗೆ ಇಳಿಸಿ ನಗಿಸುತ್ತಾನೆ. ಕನ್ನಡದ ಮೂಡಲಪಾಯದಲ್ಲಿ ಗ್ರಾಂಥಿಕ ನುಡಿಯ ವೇಷವನ್ನು ನೀನಾರೆಂದು ವಿಚಾರಿಸುವುದು ಸಾರಥಿಯ ಕೆಲಸ. ಇಬ್ಬರೂ ಪ್ರಾಕೃತಕ್ಕೆ ತಿರುಗಿದ ಸೂತ್ರಧಾರನ ನೆಂಟರು. ಬಾಳುವೆಯಲ್ಲೂ ನೆಂಟರೇ: ರಾತ್ರಿ ಕಿರೀಟ ತೊಟ್ಟವನು ಹಗಲು ಕೂಲಿಗೆ ಹೋಗುವುದು, ಮಳೆಗಾಲದಲ್ಲಿ ಆಟವಿಲ್ಲದೆ ಕೂರುವುದು ಈ ಕಲೆಗಳನ್ನು ಬಲ್ಲ ಯಾರಿಗೂ ಹೊಸ ಸುದ್ದಿಯಲ್ಲ.

ಇಲ್ಲೊಂದು ಅಪಾಯವಿದೆ. ಮೂಲದ ಪ್ರಾಕೃತಗಳಿಗೆ ಗಡಿನಾಡ ಕನ್ನಡವನ್ನೋ ತಮಿಳು ಬೆರೆತ ಕನ್ನಡವನ್ನೋ ಒಂದಕ್ಕೊಂದು ಹೊಂದಿಸಿದರೆ, ಸೇವಕರಿಗೂ ಜೂಜುಕೋರರಿಗೂ ಹೊಸೂರಿನ ಮಾತು, ನಾಯಕನಿಗೆ ಪುಸ್ತಕದ ಮಾತು ಎಂಬ ಸಿನಿಮಾ ಹಾಸ್ಯದ ಹಳೆಯ ಚಾಳಿ ಮರುಕಳಿಸುತ್ತದೆ. ಆಗ ನಗು ಭಾಷೆಯಿಂದ ಹುಟ್ಟದೆ ಭಾಷೆಯ ಮೇಲೆ ಬೀಳುತ್ತದೆ. 1958ರಲ್ಲಿ ಹಬೀಬ್ ತನ್ವೀರ್ ‘ಮಿಟ್ಟಿ ಕಿ ಗಾಡಿ’ಗೆ ಛತ್ತೀಸ್‌ಗಢದ ನಾಚಾ ಕಲಾವಿದರನ್ನು ಕರೆತಂದು ತೋರಿಸಿದ ದಾರಿ ಇಲ್ಲಿ ನೆರವಾಗುತ್ತದೆ: ಜನಪದ ನಟ ಅಲಂಕಾರಕ್ಕಾಗಿ ಬರಲಿಲ್ಲ, ಅವನ ಅಭಿನಯದ ಗತಿಯೇ ಸಂಸ್ಕೃತ ನಾಟಕವನ್ನು ಅರ್ಥೈಸುವ ಕೀಲಿಯಾಯಿತು. ಗಡಿನಾಡಿನ ರಂಗಕ್ಕೂ ಬೇಕಾದದ್ದು ಪಾತ್ರಕ್ಕೊಂದು ಉಪಭಾಷೆಯ ಹಂಚಿಕೆಯಲ್ಲ. ಯಾರು, ಯಾವ ಹೊಸ್ತಿಲಲ್ಲಿ, ಏಕೆ ಮಾತು ಬದಲಿಸುತ್ತಾರೆ ಎಂಬ ಎಚ್ಚರ.

ಈ ಎಚ್ಚರ ಅನುವಾದಕ್ಕಷ್ಟೇ ಸೀಮಿತವಲ್ಲ. ಎರಡು ಭಾಷೆಗಳ ನಡುವಿನವರ ಕನ್ನಡವನ್ನು ಶುದ್ಧಿಯ ಅಳತೆಗೋಲಿನಿಂದ ಅಳೆದು ಕೊರತೆಯೆಂದು ದಾಖಲಿಸುವ ಅಭ್ಯಾಸ ಭಾಷಾಧ್ಯಯನದಲ್ಲೂ ಪಠ್ಯಗಳಲ್ಲೂ ಬೇರುಬಿಟ್ಟಿದೆ. ‘ಮೃಚ್ಛಕಟಿಕ’ ಅದನ್ನು ಸಂಪತ್ತಿನ ಲೆಕ್ಕಕ್ಕೆ ಬರೆದ ನಾಟಕ. ಅದರಲ್ಲಿ ಒಡವೆಗಳು ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಹಸಿದವರು ಕಡೆಯವರೆಗೂ ಉಳಿಸಿಕೊಳ್ಳುವುದು ಹಲವು ಬಗೆಯಲ್ಲಿ ಆಡಬಲ್ಲ ನಾಲಿಗೆಯೊಂದನ್ನೇ.