ಹಳೇ ಬ್ಯಾಂಡಿನ ಹೊಸ ತಿರುಗಾಟ

2025ರ ಮೊದಲ ಐದು ತಿಂಗಳಲ್ಲಿ ಮುಂಬೈಗೆ ಮೂರು ಹಳೇ ರಾಕ್ ಬ್ಯಾಂಡುಗಳು ಬಂದುಹೋದವು. ಜನವರಿ 18, 19 ಮತ್ತು 21ರಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ, ಮಾರ್ಚಿನಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲೊಲ್ಲಾಪಲೂಜಾದಲ್ಲಿ ಗ್ರೀನ್ ಡೇ, ಮೇ 17ರಂದು ಅದೇ ಮೈದಾನದಲ್ಲಿ ಗನ್ಸ್ ಎನ್ ರೋಸಸ್. ಇವರಲ್ಲಿ ಕಿರಿಯರೆಂದರೆ ಕೋಲ್ಡ್‌ಪ್ಲೇ. ಅವರಿಗೂ ಕಾಲು ಶತಮಾನ ದಾಟಿದೆ. ಆದರೂ ಅವರ ಟಿಕೆಟಿಗಾಗಿ ಆನ್‌ಲೈನಿನಲ್ಲಿ ಮುಗಿಬಿದ್ದವರು ಒಂದು ಕೋಟಿಗೂ ಹೆಚ್ಚು ಮಂದಿ.

ಆ ದಿನಗಳಲ್ಲಿ ಕ್ಯಾಂಟೀನಿನಲ್ಲಿ, ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದ ಆಕ್ಷೇಪ ಒಂದೇ: 'ಮೊದಲು ಚೆನ್ನಾಗಿದ್ದರು, ಪಾಪ್ ಪ್ರೊಡ್ಯೂಸರ್ ಕೈಗೆ ಸಿಕ್ಕಿ ಕೆಟ್ಟರು.' ಇದು ಎಷ್ಟು ನಿಜ ಎಂಬುದನ್ನು ಹಾಡುಗಳನ್ನು ಇಟ್ಟುಕೊಂಡೇ ನೋಡಬೇಕು. ನೋಡುವಾಗ ನಮ್ಮದೇ ಮುಂಬೈಯ ಬ್ಯಾಂಡುಗಳನ್ನೂ ಪಕ್ಕದಲ್ಲಿಡಬೇಕು ಎನ್ನುವುದು ನನ್ನ ಹಟ. ಇಟ್ಟರೆ ದೂರು ಸ್ವಲ್ಪ ಬೇರೆ ಕಡೆಗೆ ತಿರುಗುತ್ತದೆ.

ಮೊದಲು ಪ್ರೊಡ್ಯೂಸರ್ ಎಂಬ ಪದದ ಬಗ್ಗೆ. ನಮ್ಮ ಸಿನಿಮಾದಲ್ಲಿ ನಿರ್ಮಾಪಕ ಎಂದರೆ ದುಡ್ಡು ಹಾಕುವವನು. ಧ್ವನಿಮುದ್ರಣದಲ್ಲಿ ಹಾಗಲ್ಲ. ಯಾವ ಹಾಡು ಇರಲಿ, ಯಾವುದು ಹೋಗಲಿ, ಪಲ್ಲವಿ ಎಷ್ಟನೇ ಸೆಕೆಂಡಿಗೆ ಬರಲಿ, ಡ್ರಮ್ಸ್ ಎಷ್ಟು ಮುಂದಿರಲಿ ಎಂದು ತೀರ್ಮಾನಿಸುವವನೇ ಪ್ರೊಡ್ಯೂಸರ್. ಯಕ್ಷಗಾನ ಬಲ್ಲವರು ಅವನನ್ನು ಹೊಸ ಪ್ರಸಂಗ ಬರೆದುಕೊಟ್ಟು, ರಂಗನಡೆಯನ್ನೂ ತಿದ್ದಿಕೊಡುವ ವ್ಯಕ್ತಿ ಎಂದು ಊಹಿಸಿಕೊಳ್ಳಬಹುದು. ಟೂರ್ ಎಂಬುದಕ್ಕಂತೂ ನಮ್ಮಲ್ಲಿ ಹೇಳಿಮಾಡಿಸಿದ ಪದವೇ ಇದೆ: ತಿರುಗಾಟ. ಮೇಳಗಳು ಹೊರಡುವುದು ತಿರುಗಾಟಕ್ಕೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ತನ್ನ ಸಂಚಾರಿ ನಾಟಕ ತಂಡ ಕಟ್ಟಿದಾಗ ಆರಿಸಿಕೊಂಡದ್ದೂ ಅದೇ ಹೆಸರನ್ನು.

ಕೋಲ್ಡ್‌ಪ್ಲೇಯ ಈಚಿನ ಎರಡು ಆಲ್ಬಮ್‌ಗಳನ್ನು, ಅಂದರೆ 2021ರ 'ಮ್ಯೂಸಿಕ್ ಆಫ್ ದ ಸ್ಫಿಯರ್ಸ್' ಮತ್ತು 2024ರ 'ಮೂನ್ ಮ್ಯೂಸಿಕ್' ಅನ್ನು ರೂಪಿಸಿದವರು ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್. ಬ್ರಿಟ್ನಿ ಸ್ಪಿಯರ್ಸ್, ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಕಾಲದಿಂದ ವೀಕೆಂಡ್‌ನ 'ಬ್ಲೈಂಡಿಂಗ್ ಲೈಟ್ಸ್'ವರೆಗೆ ಜಗತ್ತಿನ ಕಿವಿ ಹಿಡಿದವರು. ಅವರ ಕೆಲಸದ ಗುಟ್ಟು ಛಂದಸ್ಸು ಓದಿದವರಿಗೆ ಹೊಸದೆನಿಸದು: ಮಾತ್ರೆಯ ಲೆಕ್ಕ. ಒಂದು ಸಾಲಿನಲ್ಲಿ ಎಷ್ಟು ಅಕ್ಷರವೋ ಮುಂದಿನ ಸಾಲಿನಲ್ಲೂ ಅಷ್ಟೇ, ಅರ್ಥಕ್ಕಿಂತ ಮೊದಲು ಉಚ್ಚಾರ. ಹೀಗೆ ಕಟ್ಟಿದ ಹಾಡು ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಕೂರುತ್ತದೆ. ಕೊರಿಯಾದ ಬಿಟಿಎಸ್ ಜೊತೆ ಮಾಡಿದ 'ಮೈ ಯೂನಿವರ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. ನುಣುಪು, ಬಿಗಿ, ಎಲ್ಲೂ ಮುಳ್ಳಿಲ್ಲ.

ಮುಳ್ಳಿಲ್ಲದಿರುವುದೇ ನನ್ನ ತಕರಾರು. ಡಿ.ವೈ. ಪಾಟೀಲ್‌ನಲ್ಲಿ ಎರಡನೆಯ ದಿನ ನಾನೂ ಇದ್ದೆ. 2000ದ 'ಯೆಲ್ಲೋ', ಆಮೇಲಿನ 'ಫಿಕ್ಸ್ ಯೂ' ಶುರುವಾದಾಗ ಜನ ಕ್ರಿಸ್ ಮಾರ್ಟಿನ್‌ಗಿಂತ ಗಟ್ಟಿಯಾಗಿ ಹಾಡಿದರು. ಹೊಸ ಹಾಡುಗಳಿಗೆ ಎಲ್ಲರ ಮಣಿಕಟ್ಟಿನ ಪಟ್ಟಿಗಳು ಬಣ್ಣಬಣ್ಣವಾಗಿ ಮಿನುಗಿದವು, ಕೈಗಳು ಮೇಲೆದ್ದವು, ಬಾಯಿ ಮಾತ್ರ ಅಷ್ಟಾಗಿ ತೆರೆಯಲಿಲ್ಲ. ಹಳೆಯದಕ್ಕೆ ಗಂಟಲು, ಹೊಸದಕ್ಕೆ ಕೈ. ಹೊಸ ಹಾಡು ಕ್ರೀಡಾಂಗಣದ ದೀಪಾಲಂಕಾರಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಚೆನ್ನಾಗಿ ಕೂರುತ್ತದೆ, ಆದರೆ ಮನೆಗೆ ಹೋದ ಮೇಲೆ ಯಾರೂ ಅದನ್ನು ತೊಡುವುದಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಮ್ಯಾಕ್ಸ್ ಮಾರ್ಟಿನ್ ತಲೆಗೆ ಕಟ್ಟುವಂತಿಲ್ಲ. 'ಮ್ಯೂಸಿಕ್ ಆಫ್ ದ ಸ್ಫಿಯರ್ಸ್'ನ ಕೊನೆಯಲ್ಲಿ 'ಕಲರಟೂರಾ' ಎಂಬ ಹತ್ತು ನಿಮಿಷ ದಾಟಿದ ಹಾಡೊಂದಿದೆ. ಯಾವ ಆತುರವೂ ಇಲ್ಲದೆ, ತನ್ನಷ್ಟಕ್ಕೆ ಹಬ್ಬುವ ಹಾಡು. ಮೂರೂವರೆ ನಿಮಿಷದ ಹಾಡುಗಳ ಸರದಾರನೇ ಅದಕ್ಕೂ ಜಾಗ ಬಿಟ್ಟಿದ್ದಾನೆ. ಅಂದರೆ ಕೇಳಬೇಕಾದ ಪ್ರಶ್ನೆ ಬ್ಯಾಂಡಿಗೆ: ಬಿಟ್ಟುಕೊಡಲಾರೆ ಎಂದು ನೀವು ಹಿಡಿದು ಕೂತದ್ದು ಯಾವುದು?

ಈ ಪ್ರಶ್ನೆಗೆ ರೋಲಿಂಗ್ ಸ್ಟೋನ್ಸ್ ಕೊಟ್ಟ ಉತ್ತರ ಹೆಚ್ಚು ಚೆನ್ನಾಗಿದೆ. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಮುಂಬೈಯ ಬ್ರೆಬೋರ್ನ್ ಕ್ರೀಡಾಂಗಣದಲ್ಲೂ ಹಾಡಿಹೋದ ಈ ತಂಡ 2005ರ ನಂತರ 18 ವರ್ಷ ತನ್ನ ಸ್ವಂತ ಹಾಡುಗಳ ಹೊಸ ಆಲ್ಬಮ್ ಹೊರತಂದಿರಲಿಲ್ಲ. 2023ರಲ್ಲಿ 'ಹ್ಯಾಕ್ನಿ ಡೈಮಂಡ್ಸ್' ಬಂತು. ಅದನ್ನು ರೂಪಿಸಿದ ಆಂಡ್ರ್ಯೂ ವಾಟ್ ಹುಟ್ಟಿದ್ದು 1990ರಲ್ಲಿ, ಹೆಸರು ಮಾಡಿದ್ದು ಜಸ್ಟಿನ್ ಬೀಬರ್, ಮೈಲಿ ಸೈರಸ್ ಮುಂತಾದವರ ಜೊತೆ. ಆಲ್ಬಮ್‌ನ ಮೊದಲರ್ಧದಲ್ಲಿ ಅವರ ಕೈ ಜೋರಾಗಿಯೇ ಕೇಳುತ್ತದೆ. ಎಲ್ಲ ವಾದ್ಯವೂ ಒಂದೇ ಎತ್ತರಕ್ಕೆ ಬಂದು ಮುಖಕ್ಕೆ ಹೊಡೆಯುತ್ತದೆ. ಆದರೆ ಕಟ್ಟಕಡೆಯ ಹಾಡು ಮಡ್ಡಿ ವಾಟರ್ಸ್ ಅವರದು. ಯಾವ ಹಾಡಿನಿಂದ ಬ್ಯಾಂಡು ತನ್ನ ಹೆಸರು ಪಡೆಯಿತೋ ಆ ಹಾಡು. ಅಲ್ಲಿ ಇರುವವರು ಇಬ್ಬರೇ: ಜಾಗರ್ ಮತ್ತು ರಿಚರ್ಡ್ಸ್. ಒಂದು ಗಿಟಾರು, ಒಂದು ಹಾರ್ಮೋನಿಕಾ, ವಯಸ್ಸಾದ ಒಂದು ದನಿ. ಪಾಪ್ ಪ್ರೊಡ್ಯೂಸರ್ ಇಡೀ ಆಲ್ಬಮ್‌ನಲ್ಲಿ ಮಾಡಿದ ಅತ್ಯುತ್ತಮ ಕೆಲಸವೆಂದರೆ ಇಲ್ಲಿ ಇಬ್ಬರು ಮುದುಕರನ್ನು ಅವರ ಪಾಡಿಗೆ ಬಿಟ್ಟದ್ದು.

ಮರುವರ್ಷ ಅವರು ಅಮೆರಿಕದ ತಿರುಗಾಟಕ್ಕೆ ಹೊರಟರು. ಪ್ರಾಯೋಜಕರು ಯಾರು ಗೊತ್ತೇ? ಐವತ್ತು ದಾಟಿದವರ ಸಂಘಟನೆಯಾದ ಎಎಆರ್‌ಪಿ. ನಗು ಬರುತ್ತದೆ, ಆದರೆ ಇದರಲ್ಲಿ ವ್ಯವಹಾರದ ಪಾಠವಿದೆ. ಹಾಡು ಫೋನಿನಲ್ಲಿ ಬಿಟ್ಟಿಯಾಗಿ ಸಿಗುವ ಕಾಲದಲ್ಲಿ ಆಲ್ಬಮ್ ಎಂದರೆ ತಿರುಗಾಟದ ಕರೆಯೋಲೆ. ಕರೆಯೋಲೆ ಹೊಸ ಮುದ್ರಣದಲ್ಲಿರಲಿ ಎಂದು ಹೊಸ ಪ್ರೊಡ್ಯೂಸರ್. ಊಟ ಹಾಕುವುದು ತಿರುಗಾಟವೇ. ಕರೆಯೋಲೆಯಿಲ್ಲದೆ ಹೋದವರೂ ಉಂಟು. 2019ರ ಡಿಸೆಂಬರ್ 15ರಂದು ಇದೇ ಡಿ.ವೈ. ಪಾಟೀಲ್‌ನಲ್ಲಿ ಯು2 ತಂಡ ತನ್ನ 1987ರ 'ದ ಜೋಶುವಾ ಟ್ರೀ' ಆಲ್ಬಮನ್ನು ಇಡಿಯಾಗಿ ನುಡಿಸಿ ಆ ತಿರುಗಾಟ ಮುಗಿಸಿತು. ಅದಕ್ಕೆ ಎರಡು ವರ್ಷ ಮೊದಲಷ್ಟೇ ಪಾಪ್ ಪ್ರೊಡ್ಯೂಸರ್ ರಯಾನ್ ಟೆಡರ್ ಮುಂತಾದವರನ್ನು ಕೂರಿಸಿಕೊಂಡು ಹೊಸ ಆಲ್ಬಮ್ ಮಾಡಿದ್ದರು. ನವಿ ಮುಂಬೈಯ ಆ ರಾತ್ರಿಗೆ ಬೇಕಾದದ್ದು ಮಾತ್ರ 32 ವರ್ಷ ಹಿಂದಿನ ಹಾಡುಗಳು.

ಈಗ ನಮ್ಮ ಮನೆಯ ಕಡೆ ನೋಡೋಣ. 1984ರಲ್ಲಿ ಮುಂಬೈಯಲ್ಲಿ 'ರಾಕ್ ಮಷೀನ್' ಎಂಬ ಬ್ಯಾಂಡು ಹುಟ್ಟಿತು. ಉದಯ್ ಬೆನೆಗಲ್ ಹಾಡು, ಮಹೇಶ್ ತಿನೈಕರ್ ಗಿಟಾರು, ಜುಬಿನ್ ಬಾಲಾಪೋರಿಯಾ ಕೀಬೋರ್ಡು. ಬೇರೆಯವರ ಹಾಡನ್ನು ತದ್ರೂಪು ನುಡಿಸುವುದೇ ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲಿ ಸ್ವಂತ ಹಾಡುಗಳ ಆಲ್ಬಮ್‌ಗಳನ್ನು 1988 ಮತ್ತು 1990ರಲ್ಲಿ ಹೊರತಂದರು. 1993ರಲ್ಲಿ ಹೆಸರು 'ಇಂಡಸ್ ಕ್ರೀಡ್' ಎಂದಾಯಿತು. 1997ರಲ್ಲಿ ಚದುರಿದರು. 2010ರಲ್ಲಿ ಮತ್ತೆ ಕೂಡಿದರು. 2012ರಲ್ಲಿ 'ಇವಾಲ್ವ್' ಬಂತು. ಅದರ ಮಿಕ್ಸಿಂಗ್ ಮಾಡಿದವರು ಟಿಮ್ ಪಾಮರ್. ಪರ್ಲ್ ಜ್ಯಾಮ್‌ನ ಮೊದಲ ಆಲ್ಬಮ್ 'ಟೆನ್' ಮಿಕ್ಸ್ ಮಾಡಿದ್ದೂ, ಯು2 ಜೊತೆ ಕೆಲಸ ಮಾಡಿದ್ದೂ ಇವರೇ. ಮಿಕ್ಸಿಂಗ್ ಎಂದರೆ ನುಡಿಸಿಯಾದ ಮೇಲಿನ ಕೆಲಸ: ಯಾವ ವಾದ್ಯ ಎಷ್ಟು, ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ಎಂದು ಹದ ಮಾಡುವುದು.

1988ರ ಆಲ್ಬಮನ್ನೂ 'ಇವಾಲ್ವ್' ಅನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಮೊದಲನೆಯದರಲ್ಲಿ ಕಸುವೆಲ್ಲ ಬೆರಳುಗಳಲ್ಲಿದೆ, ಮುದ್ರಣ ಮಾತ್ರ ಪೇಲವ. ಡ್ರಮ್ಸ್ ಪಕ್ಕದ ಕೋಣೆಯಿಂದ ಬಂದಂತಿದೆ. ಸಿನಿಮಾ ಹಾಡಿಗೆಂದು ಸಜ್ಜಾದ ಊರಿನಲ್ಲಿ ರಾಕ್ ಹಿಡಿದಿಡುವ ಕಿವಿಗಳು ಕಡಿಮೆಯಿದ್ದವು. 'ಇವಾಲ್ವ್'ನಲ್ಲಿ ಆ ಕೊರತೆ ತೀರಿದೆ. 'ಫೈರ್‌ಫ್ಲೈಸ್'ನಲ್ಲಿ ಬೇಸ್ ಮತ್ತು ಡ್ರಮ್ಸ್ ನಡುವೆ ಗಾಳಿಯಾಡುತ್ತದೆ, ಬೆನೆಗಲ್ ಅವರ ದನಿ ಕಿರುಚದೆ ತುಂಬಿಕೊಂಡಿದೆ. ಎಂಟೇ ಹಾಡು. ಎರಡು ಮೂರು ಕಡೆ ಉದ್ದ ಹೆಚ್ಚಾಯಿತು ಎನಿಸಿದರೂ, ನಡುವಯಸ್ಸಿನವರು ಹದಿಹರೆಯದ ವೇಷ ಹಾಕಿಲ್ಲ ಎಂಬ ನೆಮ್ಮದಿಯಿದೆ. ಹಳೇ ಬ್ಯಾಂಡು ಹೊರಗಿನ ಪರಿಣತನ ಕೈಯಲ್ಲಿ ಕೆಡದೆ ಬೆಳೆದದ್ದಕ್ಕೆ ನಮ್ಮೂರಿನ ಸಾಕ್ಷಿ ಇದು.

ಹಾಗಿದ್ದರೆ 'ಇವಾಲ್ವ್' ಯಾಕೆ ನಮ್ಮ ಮಾತಿನಲ್ಲಿ ಬರುವುದಿಲ್ಲ? ಕರೆಯೋಲೆ ಅಚ್ಚಾಗಿತ್ತು, ದಾರಿ ಇರಲಿಲ್ಲ. ರಾಕ್ ಮಷೀನ್ ಬೆಳೆದದ್ದು ಧೋಬಿ ತಲಾವಿನ ರಂಗಭವನದಂಥ ಬಯಲು ರಂಗಮಂದಿರದಲ್ಲಿ, 1986ರಿಂದ ನಡೆದ 'ಇಂಡಿಪೆಂಡೆನ್ಸ್ ರಾಕ್'ನಲ್ಲಿ, ಪೊವಾಯಿ ಐಐಟಿಯ 'ಮೂಡ್ ಇಂಡಿಗೋ'ದಂಥ ಕಾಲೇಜು ಉತ್ಸವಗಳಲ್ಲಿ. 2000ದಲ್ಲಿ ಶಬ್ದ ಮಾಲಿನ್ಯದ ನಿಯಮಗಳು ಬಂದವು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನಿಶ್ಶಬ್ದ ವಲಯ, ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಂದ್. ಆಸ್ಪತ್ರೆಯ ರೋಗಿಗೆ ನಿದ್ದೆ ಬೇಕು, ನಿಯಮ ಸರಿಯೇ. ಆದರೆ ರಂಗಭವನ ಮೌನವಾದ ಮೇಲೆ ಅದರ ಬದಲಿಗೆ ಅಂಥದೇ ಇನ್ನೊಂದು ಜಾಗವನ್ನು ನಗರ ಕಟ್ಟಿಕೊಡಲಿಲ್ಲ. ಉಳಿದದ್ದು ಕೆಲವೇ ನೂರು ಜನ ಹಿಡಿಯುವ ಕ್ಲಬ್ಬುಗಳು. ಅವುಗಳಲ್ಲಿ ಹೆಸರಾಗಿದ್ದ ಲೋವರ್ ಪರೇಲ್‌ನ ಬ್ಲೂ ಫ್ರಾಗ್ ಕೂಡ 2016ರಲ್ಲಿ ಮುಚ್ಚಿತು. ಪ್ರೊಡ್ಯೂಸರ್‌ನನ್ನು ದುಡ್ಡು ಕೊಟ್ಟು ಕರೆಸಬಹುದು. ಮಿಂಚಂಚೆಯಲ್ಲೇ ಕೆಲಸ ಮುಗಿಸಬಹುದು. ತಿರುಗಾಟದ ದಾರಿಯನ್ನು ಹಾಗೆ ಕರೆಸಿಕೊಳ್ಳಲಾಗುವುದಿಲ್ಲ.

ದಾರಿ ಇಲ್ಲದ ಊರಿನಲ್ಲಿ ರಾಕ್ ಮಂದಿ ಇನ್ನೊಂದು ಉಪಾಯ ಮಾಡಿದರು. ಪಶ್ಚಿಮದಲ್ಲಿ ಬ್ಯಾಂಡು ಪಾಪ್ ಪ್ರೊಡ್ಯೂಸರ್‌ನ ಮನೆಗೆ ಹೋದರೆ ಮುಂಬೈಯಲ್ಲಿ ಬ್ಯಾಂಡಿನವನೇ ಪಾಪ್ ಪ್ರೊಡ್ಯೂಸರ್ ಆದ. 1994ರ 'ಪೆಂಟಾಗ್ರಾಮ್' ಬ್ಯಾಂಡಿನ ಹಾಡುಗಾರ ವಿಶಾಲ್ ದದ್ಲಾನಿ ಶೇಖರ್ ರವ್ಜಿಯಾನಿ ಜೊತೆ ಸೇರಿ ಹಿಂದಿ ಸಿನಿಮಾದ ದೊಡ್ಡ ಸಂಗೀತ ನಿರ್ದೇಶಕರಾದರು. ಗಿಟಾರಿನ ಎಹ್ಸಾನ್ ನೂರಾನಿ ಶಂಕರ್-ಎಹ್ಸಾನ್-ಲಾಯ್ ತ್ರಯದಲ್ಲಿ ಒಬ್ಬರು. ಚದುರಿದ ಬ್ಯಾಂಡು ಮತ್ತೆ ಕೂಡುವ ಕಥೆಯ 2008ರ 'ರಾಕ್ ಆನ್' ಸಿನಿಮಾಕ್ಕೆ ಸಂಗೀತ ಕೊಟ್ಟದ್ದು ಈ ತ್ರಯವೇ. ಸಿನಿಮಾದ ಬ್ಯಾಂಡಿನ ಹಾಡುಗಳು ಮನೆಮನೆ ತಲುಪಿದವು. ಎರಡು ವರ್ಷಗಳ ನಂತರ ನಿಜವಾಗಿ ಕೂಡಿದ ಇಂಡಸ್ ಕ್ರೀಡ್‌ಗೆ ಆ ಭಾಗ್ಯ ಬರಲಿಲ್ಲ.

ಇದೇ 2008ರಲ್ಲಿ, ಕನ್ನಡದ ಕಿವಿಗೆ ಬಹಳ ಮುಖ್ಯವಾದದ್ದೊಂದು ನಡೆಯಿತು. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 'ಅಂತರಾಗ್ನಿ' ಹೊರಬಂದದ್ದು ವಿಶಾಲ್-ಶೇಖರ್ ಅವರ ಸಂಸ್ಥೆಯಿಂದ. ಮೈಸೂರಿನ ಹುಡುಗ, ಮುಂಬೈಯ ಲೇಬಲ್, ಅದರೊಳಗೆ ಶಿಶುನಾಳ ಶರೀಫರು (1819–1889). ಶರೀಫರೆಂದರೆ ನಮ್ಮ ಕಿವಿಯಲ್ಲಿ ಮೊದಲು ಸಿ. ಅಶ್ವತ್ಥ್. ಆ ದನಿಯಲ್ಲಿ ತತ್ವಪದದ ಕೊಂಕು, ಸಾಲಿನ ನಡುವೆ ಒಮ್ಮೆ ನಿಂತು ನಮ್ಮ ಮುಖ ನೋಡುವ ನಿಲುಗಡೆ ಇದ್ದವು. ರಘು ಅವರ ಗಿಟಾರು, ಪಿಟೀಲಿನ ಓಟದಲ್ಲಿ ಆ ನಿಲುಗಡೆ ಕರಗಿದೆ. ಅದು ನಷ್ಟವೇ. ಬದಲಿಗೆ ಕುಣಿತ ಸಿಕ್ಕಿದೆ. ಆದರೆ ಕೆಡದೆ ಉಳಿದದ್ದು ಭಾಷೆ. ಆಲ್ಬಮ್‌ನಲ್ಲಿ ಹಿಂದಿ ಹಾಡುಗಳೂ ಇವೆ, ಹಾಗೆಂದು ಶರೀಫರನ್ನು ಯಾರೂ ಹಿಂದಿಗೆ ತಿರುಗಿಸಲಿಲ್ಲ. ದೊಡ್ಡ ಮಾರುಕಟ್ಟೆ ಬಲ್ಲವರ ಮನೆಯಲ್ಲಿ ಕನ್ನಡ ಕನ್ನಡವಾಗಿಯೇ ಕೂತಿತು. ಆಮೇಲೆ ತಂಡ ತಿರುಗಾಟಕ್ಕೆ ಬಿತ್ತು. 2010ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ. ಪಂಚೆ, ಗೆಜ್ಜೆ, ಶರೀಫರು. ಒಂದು ಪದವೂ ತಿಳಿಯದವರು ಜೊತೆಗೆ ಹಾಡಿದರು. ಮುಂಬೈಯಲ್ಲಿ ಕೆಲಸಕ್ಕೆಂದು ಬಂದು, ದಿನವಿಡೀ ಬೇರೆ ಭಾಷೆಗಳಲ್ಲಿ ಮಾತಾಡಿ, ಕನ್ನಡವನ್ನು ಫೋನ್ ಕರೆಗೆ ಮೀಸಲಿಟ್ಟ ನಮ್ಮಂಥವರಿಗೆ ಇದು ಬರೀ ಸಂಗೀತದ ಸುದ್ದಿಯಾಗಿರಲಿಲ್ಲ.

'ಕೆಡಿಸಿದರು' ಎಂಬ ದೂರು ಯಕ್ಷಗಾನದವರಿಗೆ ಹಳೆಯದು. ಹೊಸ ಪ್ರಸಂಗ ಬಂದಾಗಲೆಲ್ಲ, ಹೊಸ ರಾಗ ನುಗ್ಗಿದಾಗಲೆಲ್ಲ ಅದು ಎದ್ದಿದೆ. ಕಾಳಿಂಗ ನಾವಡರು (1958–1990) ಹಾಡಿದ ಕಾಲದಲ್ಲೂ ಎದ್ದಿತ್ತು. ಇಂದು ಅವರ ಶೈಲಿಯೇ ಅನೇಕರಿಗೆ ಮಾನದಂಡ. ಇದನ್ನು ತೀರ್ಮಾನಿಸಿದ್ದು ವಿಮರ್ಶಕರಲ್ಲ. ನವೆಂಬರಿನಿಂದ ಪತ್ತನಾಜೆಯ ತನಕ ಊರಿಂದೂರಿಗೆ ಸಾಗುವ ಮೇಳ ಪ್ರತಿ ರಾತ್ರಿ ಹೊಸ ಜನರ ಮುಂದೆ ಪರೀಕ್ಷೆಗೆ ಕೂರುತ್ತದೆ. ಸಲ್ಲದ್ದು ಉದುರುತ್ತದೆ, ಸಂದದ್ದು ಪರಂಪರೆಯಾಗುತ್ತದೆ. ಮಳೆಗಾಲದಲ್ಲಿ ಆ ಕಲಾವಿದರೇ ಮುಂಬೈಗೆ ಬಂದು ಮಾಟುಂಗಾ, ಮಾಹಿಮ್, ಉಪನಗರಗಳ ಸಭಾಂಗಣಗಳಲ್ಲಿ ಆಟ ಆಡುತ್ತಾರೆ. ಸಂಘಗಳು ಸಭಾಂಗಣ ಹಿಡಿದು, ಮನೆಮನೆಗೆ ಟಿಕೆಟ್ ಒಯ್ದು ಕಟ್ಟಿದ ದಾರಿ ಅದು.

ರಾಕ್ ಬ್ಯಾಂಡಿಗೆ ಅಂಥ ದಾರಿ ಈ ನಗರದಲ್ಲಿ ಇನ್ನೂ ಆಗಿಲ್ಲ. ವಿದೇಶದ ಹಳೇ ಬ್ಯಾಂಡಿಗೆ ಕ್ರೀಡಾಂಗಣವಿದೆ, ವಿಶೇಷ ರೈಲೂ ಇದೆ. ಇಲ್ಲಿನವರಿಗೆ ಊಟದ ಮೇಜುಗಳ ನಡುವೆ ಒಂದು ಮೂಲೆ. ಕೋಲ್ಡ್‌ಪ್ಲೇಯ ಹೊಸ ಹಾಡು ಸಪ್ಪೆಯಾಯಿತೆಂದು ಕೊರಗುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ಈ ವಾರ ಮನೆಗೆ ಹೋಗುವ ಲೋಕಲ್‌ನಲ್ಲಿ 'ಇವಾಲ್ವ್'ನ ಎಂಟೂ ಹಾಡು ಕೇಳಿ. ಇಷ್ಟವಾದರೆ, ಮುಂದಿನ ಸಲ ನಗರದ ಯಾವುದೋ ಮೂಲೆಯಲ್ಲಿ ಇಲ್ಲಿಯ ಬ್ಯಾಂಡೊಂದು ಸ್ವಂತ ಹಾಡು ನುಡಿಸುತ್ತದೆಂದು ತಿಳಿದಾಗ ಟಿಕೆಟ್ ಕೊಂಡು ಹೋಗಿ.