ಗಂಟುರೋಗಕ್ಕೆ ಸ್ಪೆಲಿಂಗ್ ಎಲ್ಲಿಂದ ಬಂತು?

ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ಹತ್ತಿದವರು ಟಿಕೆಟ್ ಕೇಳುವುದು ‘ಮದುವನಳ್ಳಿ’ಗೆ. ಧಕಾರದ ಉಸಿರು ಬಾಯಲ್ಲಿಲ್ಲ, ಹಕಾರವಂತೂ ಇಲ್ಲವೇ ಇಲ್ಲ. ಅದೇ ಊರಿನ ಮಗು ಸ್ಲೇಟಿನ ಮೇಲೆ ‘ಮಧುವನಹಳ್ಳಿ’ ಎಂದು ಬರೆಯುವಾಗ ಮಾತ್ರ ಎರಡೂ ಬೇಕು. ಕಿವಿಗೆ ಬೀಳುವುದು ಒಂದು, ಕೈ ಬರೆಯಬೇಕಾದದ್ದು ಇನ್ನೊಂದು. ಸ್ಪೆಲಿಂಗ್ ಬೀ ಎಂಬ ಸ್ಪರ್ಧೆ ಹುಟ್ಟಿದ್ದು ಈ ಅಂತರದಲ್ಲಿ.

ಅಮೆರಿಕದ ರಾಷ್ಟ್ರೀಯ ಸ್ಪೆಲಿಂಗ್ ಬೀ ಶುರುವಾದದ್ದು 1925ರಲ್ಲಿ. ಈಗ ಅದನ್ನು ನಡೆಸುತ್ತಿರುವುದು ಸ್ಕ್ರಿಪ್ಸ್ ಸಂಸ್ಥೆ. ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಮಾತ್ರ ಪ್ರವೇಶ. ಭಾರತೀಯ ಮೂಲದ ಮಗುವೊಂದು ಮೊದಲ ಸಲ ಗೆದ್ದದ್ದು 1985ರಲ್ಲಿ, ಬಾಲು ನಟರಾಜನ್ ಎಂಬ ಹುಡುಗನ ಮೂಲಕ. ಆಮೇಲೆ ಭಾರತೀಯ ಮೂಲದ ಮಕ್ಕಳು ಗೆಲ್ಲುತ್ತ ಹೋದ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರೊಳಗಿನ ಕನ್ನಡದ ಕಥೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಈ ಸ್ಪರ್ಧೆಯ ಇತಿಹಾಸದಲ್ಲಿ ಒಡಹುಟ್ಟಿದವರಿಬ್ಬರೂ ಗೆದ್ದ ಮನೆಗಳು ಎರಡೇ. ಎರಡೂ ಕನ್ನಡ ಮೂಲದ ಮನೆಗಳು.

ಮೊದಲನೆಯದು ಕ್ಯಾನ್ಸಸ್ ರಾಜ್ಯದ ಒಲಾತೆ ಪಟ್ಟಣದ ಶಿವಶಂಕರ್ ಅವರ ಮನೆ. ಅಪ್ಪನ ಹೆಸರಿನ ಹಿಂದೆ ‘ಮಿರ್ಲೆ’ ಇದೆ. ಆ ಹೆಸರಿನ ಊರು ಮೈಸೂರು ಜಿಲ್ಲೆಯದು. ಹಿರಿಯ ಮಗಳು ಕಾವ್ಯಾ 2006ರಲ್ಲಿ ಹತ್ತನೇ ಸ್ಥಾನಕ್ಕೆ ಬಂದಳು, ಮರುವರ್ಷ ಎಂಟನೇ ಸ್ಥಾನ, ಅದರಾಚೆಯ ವರ್ಷ ನಾಲ್ಕನೆಯದು. 2009ರಲ್ಲಿ, ಹದಿಮೂರನೇ ವಯಸ್ಸಿಗೆ, ಮೊದಲ ಸ್ಥಾನ. ಅವಳ ತಂಗಿ ವನ್ಯಾ 2015ರಲ್ಲಿ ಗೋಕುಲ್ ವೆಂಕಟಾಚಲಂ ಜೊತೆ ಪ್ರಶಸ್ತಿ ಹಂಚಿಕೊಂಡಳು. ಎರಡನೆಯದು ನ್ಯೂಯಾರ್ಕ್ ರಾಜ್ಯದ ಹತ್ವಾರ್ ಅವರ ಮನೆ. ಅಣ್ಣ ಶ್ರೀರಾಮ್ 2014ರಲ್ಲಿ, ತಮ್ಮ ಜೈರಾಮ್ 2016ರಲ್ಲಿ, ಇಬ್ಬರೂ ಬೇರೊಬ್ಬ ಸ್ಪರ್ಧಿಯ ಜೊತೆ ಜಂಟಿಯಾಗಿ ಗೆದ್ದವರು. 2014ಕ್ಕೆ ಮೊದಲು ಪ್ರಶಸ್ತಿ ಇಬ್ಬರಿಗೆ ಹಂಚಿಹೋದದ್ದು 1962ರಲ್ಲಿ.

ಈ ಮಕ್ಕಳು ಡಿಕ್ಷನರಿಯನ್ನು ಗಿಳಿಪಾಠ ಮಾಡಿ ಗೆದ್ದರು ಎಂದು ಹೇಳುವವರಿದ್ದಾರೆ. ಆ ಮಾತು ತಪ್ಪು. ಸ್ಪರ್ಧೆಗೆ ಆಧಾರವಾದ ವೆಬ್‌ಸ್ಟರ್ ನಿಘಂಟಿನ ಮೂರನೇ ಆವೃತ್ತಿ 1961ರದು, ಅದರಲ್ಲಿ ಸುಮಾರು 4,70,000 ನಮೂದುಗಳಿವೆ. ಅಷ್ಟನ್ನು ಬಾಯಿಪಾಠ ಮಾಡುವ ಮಗು ಯಾವ ದೇಶದಲ್ಲೂ ಹುಟ್ಟಿಲ್ಲ. ವೇದಿಕೆಯ ಮೇಲೆ ನಿಂತ ಮಗು ಮೈಕಿನ ಮುಂದೆ ಏನು ಮಾಡುತ್ತದೆ ಎಂದು ಗಮನಿಸಿದರೆ ವಿದ್ಯೆಯ ಗುಟ್ಟು ತಿಳಿಯುತ್ತದೆ. ಮಗು ಕೇಳುತ್ತದೆ. ಪದದ ಅರ್ಥ ಏನು, ಅದು ನಾಮಪದವೋ ಗುಣವಾಚಕವೋ, ಒಂದು ವಾಕ್ಯದಲ್ಲಿ ಬಳಸಿ ಹೇಳುತ್ತೀರಾ, ಬೇರೆ ಉಚ್ಚಾರಣೆ ಇದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಭಾಷೆಯಿಂದ ಬಂತು. ಇಂಥ ಮೂಲಧಾತು ಇದರಲ್ಲಿದೆಯೇ ಎಂದೂ ಕೇಳಬಹುದು. ಈ ಪ್ರಶ್ನೆಗಳೇ ಅದರ ಉಪಕರಣ.

ಶ್ರೀರಾಮ್ ಹತ್ವಾರ್‌ಗೆ ಕೊನೆಗೆ ಬಂದ ಪದ ‘ಸ್ಟಿಕೊಮಿಥಿಯ’. ಗ್ರೀಕ್ ನಾಟಕಗಳಲ್ಲಿ ಪಾತ್ರಗಳು ಒಂದೊಂದು ಸಾಲಿನಂತೆ ಮಾತಿಗೆ ಮಾತು ಕೊಡುವ ಸಂಭಾಷಣೆ. ಗ್ರೀಕಿನಲ್ಲಿ ಸಾಲಿಗೆ ‘ಸ್ಟಿಖೊಸ್’, ಮಾತಿಗೆ ‘ಮಿಥೊಸ್’. ಗ್ರೀಕ್ ಮೂಲ ಎಂದು ತಿಳಿದ ಕೂಡಲೇ ‘ಕ’ ಎಂದು ಕೇಳಿಸಿದ್ದನ್ನು ಕೆ ಎಂದೋ ಸಿ ಎಂದೋ ಬರೆಯದೆ ಸಿ-ಎಚ್ ಎಂದು ಬರೆಯಬೇಕು, ‘ಮಿ’ಯೊಳಗಿನ ಇಕಾರಕ್ಕೆ ವೈ ಹಾಕಬೇಕು ಎಂಬುದು ಹುಡುಗನಿಗೆ ಗೊತ್ತಾಗುತ್ತದೆ. ಅಂದು ಅವನ ಜೊತೆ ಗೆದ್ದ ಅನ್ಸುನ್ ಸುಜೋಯ್‌ಗೆ ಬಂದದ್ದು ‘ಫಯಟಾನ್’ ಎಂದು ಏನೋ ಕೇಳಿಸುವ ಫ್ರೆಂಚ್ ಪದ. ಹಾಳೆ, ಎಲೆ ಎಂಬ ಮೂಲದಿಂದ ಹುಟ್ಟಿ, ಪತ್ರಿಕೆಯಲ್ಲಿ ಹಗುರ ಸಾಹಿತ್ಯಕ್ಕೆ ಮೀಸಲಾದ ಭಾಗಕ್ಕೆ ಹೆಸರಾದದ್ದು. ಅಂಕಣ ಬರೆಯುವವರೆಲ್ಲ ಅದಕ್ಕೆ ಋಣಿಗಳು.

ಧಾತು ಕೈಕೊಡುವ ಜಾಗವೂ ಉಂಟು. ಜೈರಾಮ್‌ಗೆ ಬಂದ ‘ಫೆಲ್ಡನ್‌ಕ್ರೈಸ್’ ಒಬ್ಬ ಮನುಷ್ಯನ ಹೆಸರು, ಅವನು ರೂಪಿಸಿದ ಅಂಗಚಲನೆಯ ಪದ್ಧತಿಯ ಹೆಸರೂ ಅದೇ. ಕಾವ್ಯಾ ಗೆದ್ದ ‘ಲೇಓಡಿಸಿಯನ್’ ಇಂದಿನ ತುರ್ಕಿಯಲ್ಲಿದ್ದ ಲಾವೊಡಿಸಿಯ ಎಂಬ ಪ್ರಾಚೀನ ನಗರದಿಂದ ಬಂದದ್ದು. ಅಲ್ಲಿಯ ಕ್ರೈಸ್ತರ ಭಕ್ತಿ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎಂದು ಬೈಬಲ್ಲಿನ ಕೊನೆಯ ಪುಸ್ತಕ ಬೈದಿದೆ. ಧರ್ಮದಲ್ಲಾಗಲಿ ರಾಜಕೀಯದಲ್ಲಾಗಲಿ ಉಗುರುಬೆಚ್ಚಗಿರುವವರಿಗೆ ಅಲ್ಲಿಂದ ಆ ವಿಶೇಷಣ. ಇಂಥ ಪದಗಳಿಗೆ ಓದಿನ ಹರಹು ಬೇಕು. ಕಥೆ, ಭೂಗೋಳ, ಪುರಾಣ ಎಲ್ಲ ಕೈಗೆ ಬರುತ್ತವೆ. ಕಾವ್ಯಾಳದೊಂದು ಅಭ್ಯಾಸ ಟಿ.ವಿ. ನೋಡಿದ ಎಲ್ಲರಿಗೂ ನೆನಪಿದೆ: ಪ್ರತಿ ಅಕ್ಷರವನ್ನೂ ಬೆರಳಿನಿಂದ ಅಂಗೈ ಮೇಲೆ ಬರೆದುಕೊಂಡೇ ಹೇಳುತ್ತಿದ್ದಳು. ಅಕ್ಕಿಯ ಮೇಲೆ, ಮರಳಿನ ಮೇಲೆ ಬೆರಳು ಹಿಡಿಸಿ ಅಕ್ಷರ ತಿದ್ದಿಸಿದ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬರಹ ಕಣ್ಣಿನಷ್ಟೇ ಕೈಯ ನೆನಪು.

ಹಾಗಾದರೆ ಕೊಳ್ಳೇಗಾಲದ ಕಡೆಯ ಮಗು ಎಲ್ಲಿಂದ ಶುರುಮಾಡಬೇಕು? ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಿದ್ದಾರೆ. ಪೇಟೆಯ ಅಂಗಡಿಗಳಲ್ಲಿ ‘ಸಾವಿರ ಕಠಿಣ ಪದಗಳು’ ಎಂಬಂಥ ಪುಸ್ತಕ ಸಿಗುತ್ತದೆ. ಎ ಇಂದ ಝಡ್‌ವರೆಗೆ ಸಾಲಾಗಿ ಕೂತ ಪದಗಳನ್ನು ದಿನಕ್ಕಿಷ್ಟು ಎಂದು ನುಂಗಿಸುವುದು ದಂಡದ ಕೆಲಸ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು ಪರೀಕ್ಷೆಯ ಮರುದಿನ ಹೊರಟುಹೋಗುತ್ತವೆ. ಪದ ಉಳಿಯುವುದು ಒಂದು ವಿಷಯದ ಸುತ್ತ ಗುಂಪಾಗಿ ಕೂತಾಗ. ಅಮರಕೋಶ ಕಟ್ಟಿದವನಿಗೆ ಇದು ಗೊತ್ತಿತ್ತು, ಅವನ ಪದಗಳು ಸ್ವರ್ಗ, ಭೂಮಿ, ಊರು, ಕಾಡು ಎಂದು ವರ್ಗವರ್ಗವಾಗಿ ನಿಂತಿವೆ. ಯಳಂದೂರು ಸೀಮೆಯ ಶಂಭುಲಿಂಗನ ಬೆಟ್ಟದೊಂದಿಗೆ ಹೆಸರು ಬೆಸೆದುಕೊಂಡ ನಿಜಗುಣ ಶಿವಯೋಗಿಗಳಿಗೂ ಗೊತ್ತಿತ್ತು. ಅವರ ‘ವಿವೇಕಚಿಂತಾಮಣಿ’ ಶಾಸ್ತ್ರಗಳ ಪರಿಭಾಷೆಯನ್ನು ವಿಷಯವಾರು ಜೋಡಿಸಿಟ್ಟ ಕನ್ನಡದ ಹಳೆಯ ವಿಶ್ವಕೋಶ.

ಕೊಳ್ಳೇಗಾಲದಲ್ಲಿ ಅಂಥ ವಿಷಯವೊಂದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ರೇಷ್ಮೆ ಇದೆ.

ಹುಳು ಸಾಕುವ ಮನೆಯ ಮಗುವಿಗೆ ನಾಲ್ಕು ರೋಗಗಳ ಹೆಸರು ಬಾಲ್ಯದಿಂದಲೇ ಕಿವಿಗೆ ಬಿದ್ದಿರುತ್ತದೆ: ಗಂಟುರೋಗ, ಸಪ್ಪೆರೋಗ, ಹಾಲುರೋಗ, ಸುಣ್ಣಕಟ್ಟು. ಇವುಗಳ ಇಂಗ್ಲಿಷ್ ಹೆಸರು ಪೆಬ್ರಿನ್, ಫ್ಲಾಶರಿ, ಗ್ರಾಸರಿ, ಮಸ್ಕಾರ್ಡಿನ್. ನಾಲ್ಕೂ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದವು, ನಾಲ್ಕೂ ಸ್ಪೆಲಿಂಗ್ ಬೀ ವೇದಿಕೆಗೆ ಒಪ್ಪುವಂಥ ಪದಗಳು. ಪೆಬ್ರಿನ್ ಎಂದರೆ ಮೆಣಸಿನ ರೋಗ. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ ಕಾಳುಮೆಣಸಿಗೆ ‘ಪೆಬ್ರೆ’, ರೋಗ ಬಂದ ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣಕ್ಕೆ ಬಂದದ್ದು ಈ ರೋಗದ ಬೆನ್ನು ಹತ್ತಿ. ಅವರ ಕೆಲಸದಿಂದಲೇ ಪೆಬ್ರಿನ್ ಬೇರೆ, ಫ್ಲಾಶರಿ ಬೇರೆ ಎಂಬುದು ಸ್ಪಷ್ಟವಾಯಿತು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟಿಲ್ಲದ ಮೊಟ್ಟೆಯನ್ನಷ್ಟೇ ರೈತರಿಗೆ ಕೊಡುವ ಇಂದಿನ ಬಿತ್ತನೆ ಕೋಠಿಗಳ ಪದ್ಧತಿಯ ಬೇರು ಅಲ್ಲಿದೆ.

ಫ್ಲಾಶರಿಯ ಮೂಲದಲ್ಲಿರುವುದು ಮೆತ್ತಗೆ, ಜೋಲುಬಿದ್ದ ಎಂಬ ಅರ್ಥ. ಸಪ್ಪೆಯಾದ ಹುಳು ಇರುವುದೂ ಹಾಗೆಯೇ. ಗ್ರಾಸರಿಯಲ್ಲಿರುವುದು ಫ್ರೆಂಚಿನ ‘ಗ್ರಾ’, ಕೊಬ್ಬು. ಅವರಿಗೆ ಊದಿಕೊಂಡ ಮೈ ಕಂಡಿತು, ನಮ್ಮ ರೈತರಿಗೆ ಮೈಯಿಂದ ಒಸರುವ ಹಾಲಿನಂಥ ದ್ರವ ಕಂಡಿತು. ಮಸ್ಕಾರ್ಡಿನ್ ಬಡಿದ ಹುಳು ಸತ್ತು ಗಟ್ಟಿಯಾಗಿ ಬೆಳ್ಳಗೆ ಬೂಷ್ಟು ಹಿಡಿಯುತ್ತದೆ. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸಿ ಇದಕ್ಕೆ ಶಿಲೀಂಧ್ರ ಕಾರಣವೆಂದು ತೋರಿಸಿದರು. ಆ ಶಿಲೀಂಧ್ರದ ಹೆಸರಿನಲ್ಲಿ ಇಂದಿಗೂ ಅವರ ಹೆಸರಿದೆ. ಇಟಲಿಯ ರೈತರು ಅದನ್ನು ಕರೆಯುತ್ತಿದ್ದದ್ದು ‘ಕಲ್ಚಿನೊ’ ಎಂದು, ಸುಣ್ಣ ಎಂಬ ಪದದಿಂದ. ಎರಡು ನಾಡಿನ ರೈತರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಹೆಸರು ಕೊಟ್ಟರು.

ಇಷ್ಟು ತಿಳಿದ ಮಗುವಿಗೆ ಎಫ್-ಎಲ್-ಎ-ಸಿ-ಎಚ್-ಇ-ಆರ್-ಐ-ಇ ಎಂಬುದು ಅರ್ಥವಿಲ್ಲದ ಅಕ್ಷರಗಳ ರಾಶಿಯಲ್ಲ. ಫ್ರೆಂಚ್ ಪದದಲ್ಲಿ ಸಿ-ಎಚ್ ಸೇರಿದರೆ ‘ಶ’ ಎಂಬ ನಿಯಮ ಒಮ್ಮೆ ಕೂತರೆ ಮೆಷಿನ್, ಬ್ರೋಷರ್, ಪ್ಯಾರಾಶೂಟ್ ಎಲ್ಲ ಅದರ ಹಿಂದೆ ಬರುತ್ತವೆ. ನೂಲು ಬಿಚ್ಚುವ ಕಾರ್ಖಾನೆಯನ್ನು ಕೊಳ್ಳೇಗಾಲದವರು ‘ಫಿಲೇಚರ್’ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ‘ಫಿಲುಂ’ ಎಂದರೆ ದಾರ, ಬಲ್ಬಿನೊಳಗಿನ ಫಿಲಮೆಂಟ್ ಅದೇ ಬಳಗದ್ದು. ಸೆರಿಕಲ್ಚರ್‌ನ ‘ಸೆರಿ’ ಗ್ರೀಕರು ರೇಷ್ಮೆ ತರುವ ಪೂರ್ವದ ಜನರನ್ನು ‘ಸೇರೆಸ್’ ಎಂದು ಕರೆದದ್ದರಿಂದ ಬಂತು. ಗೂಡಿನ ಅಂಟಿಗೆ ‘ಸೆರಿಸಿನ್’ ಎಂಬ ಹೆಸರೂ ಅಲ್ಲಿಂದಲೇ. ನಾಳೆ ವೇದಿಕೆಯ ಮೇಲೆ ‘ಸಿರಿಶಸ್’ ಎಂಬ ಅಪರಿಚಿತ ಪದ ಕೇಳಿ, ‘ರೇಷ್ಮೆಯಂಥ ನವಿರು ಕೂದಲುಳ್ಳ’ ಎಂದು ಅರ್ಥ ಹೇಳಿದರೆ, ‘ಶ’ ಕೇಳಿಸಿದ ಕಡೆ ಎಸ್-ಎಚ್ ಹಾಕದೆ ಸೆರಿಸಿನ್‌ನ ಸಿ ಹಾಕುವ ಧೈರ್ಯ ಆ ಮಗುವಿಗೆ ಇರುತ್ತದೆ. ಹುಳು ಮನೆಯಲ್ಲಿ ಸೊಪ್ಪು ಹಾಕಿ ಬೆಳೆದ ಮಗುವಿಗೆ ಕ್ಯಾನ್ಸಸ್‌ನ ಮಗುವಿಗಿಂತ ಇದು ಬೇಗ ದಕ್ಕಬೇಕು.

ಇಂಗ್ಲಿಷಿಗೆ ಹೊಂದುವ ಈ ಕ್ರಮ ಕನ್ನಡಕ್ಕೂ ಹೊಂದುತ್ತದೆ. ಕನ್ನಡ ಉಲಿದಂತೆ ಬರೆಯುವ ಭಾಷೆ, ಅದಕ್ಕೆ ಸ್ಪೆಲಿಂಗ್ ಸ್ಪರ್ಧೆ ಏಕೆ ಎನ್ನುವವರು ಒಮ್ಮೆ ಹಬ್ಬದ ದಿನದ ಫ್ಲೆಕ್ಸ್‌ಗಳನ್ನು ಓದಬೇಕು. ‘ಹಾರ್ಧಿಕ ಶುಭಾಷಯಗಳು’ ಕಾಣದ ಸರ್ಕಲ್ಲು ನಾಡಿನಲ್ಲಿ ಸಿಕ್ಕುವುದು ಕಷ್ಟ. ಶುಭ ಮತ್ತು ಆಶಯ ಸೇರಿದ್ದು ಎಂದು ತಿಳಿದವರು ಅಲ್ಲಿ ಷಕಾರ ಬರೆಯಲಾರರು. ಹಾರ್ದಿಕ ಹೃದಯದಿಂದ ಬಂತು, ಹೃದಯಕ್ಕೆ ಮಹಾಪ್ರಾಣವಿಲ್ಲ. ವಿದ್ಯೆಯನ್ನು ಬಯಸುವವರು ವಿದ್ಯಾರ್ಥಿ, ದಕಾರಕ್ಕೆ ಹೊಟ್ಟೆ ಸೀಳಬೇಕಿಲ್ಲ. ಮಧ್ಯಾಹ್ನದಲ್ಲಿ ‘ಅಹ್ನ’ ಎಂದರೆ ಹಗಲು, ಆದ್ದರಿಂದ ಹಕಾರ ಮೊದಲು, ನಕಾರ ಅದರ ಒತ್ತು. ಬಾಯಲ್ಲಿ ಮಾತ್ರ ಅದು ತಲೆಕೆಳಗಾಗುತ್ತದೆ. ಬಾಯಿಯ ಕನ್ನಡದಲ್ಲಿ ತಪ್ಪೇನೂ ಇಲ್ಲ. ‘ಮದುವನಳ್ಳಿ’ ಎಂದವನ ನಾಲಗೆಯನ್ನು ಹಂಗಿಸುವ ಮೇಷ್ಟರು ಮಗುವನ್ನು ಭಾಷೆಯಿಂದಲೇ ದೂರ ಓಡಿಸುತ್ತಾರೆ. ಮನೆಯ ನುಡಿ ಹೀಗೆ, ಬರಹ ಹೀಗೆ, ನಡುವಿನ ಕಾರಣ ಇದು ಎಂದು ತೋರಿಸಿದರೆ ಸಾಕು.

ಸುಮಾರು 1260ರ ಕೇಶಿರಾಜನಿಗೇ ಈ ಚಿಂತೆ ಹತ್ತಿತ್ತು. ಅವನ ಕಾಲಕ್ಕೆ ಹಳಗನ್ನಡದ ೞಕಾರ ಜನರ ನಾಲಗೆಯಿಂದ ಜಾರುತ್ತಿತ್ತು, ಬರೆಯುವವರು ಳಕಾರದೊಡನೆ ಕಲಸುತ್ತಿದ್ದರು. ‘ಶಬ್ದಮಣಿದರ್ಪಣ’ದಲ್ಲಿ ಅವನು ರಳ, ಕುಳ, ಕ್ಷಳ ಎಂದು ಮೂರು ಬಗೆ ಮಾಡಿ, ಯಾವ ಪದಗಳಿಗೆ ೞಕಾರ ಸಲ್ಲಬೇಕು ಎಂದು ಪಟ್ಟಿಯನ್ನೇ ಕೊಟ್ಟ. ಕನ್ನಡದ ಮೊದಲ ಸ್ಪೆಲಿಂಗ್ ಪಟ್ಟಿ ಎಂದು ಅದನ್ನು ಕರೆದರೆ ಅತಿಶಯವಲ್ಲ. ಹನೂರಿನಾಚೆ ಗಡಿ ದಾಟಿದರೆ ತಮಿಳಿನ ಏಳರಲ್ಲಿ, ಬಾಳೆಯಲ್ಲಿ ಆ ಧ್ವನಿ ಇನ್ನೂ ಕೇಳಿಸುತ್ತದೆ. ಎರಡೂ ಭಾಷೆ ಬಲ್ಲ ಅಜ್ಜಿಯರು ಗಡಿಯ ಮನೆಗಳಲ್ಲಿದ್ದಾರೆ, ಮಕ್ಕಳು ಅವರನ್ನು ಕೇಳಲಿ.

ಪದ ಹುಡುಕಲು ಆಸರೆಗಳೂ ಉಂಟು. ಕಿಟೆಲ್ ನಿಘಂಟು 1894ರದು, ಕನ್ನಡ ಪದಗಳ ಪಕ್ಕದಲ್ಲೇ ತಮಿಳು, ತೆಲುಗು, ಮಲಯಾಳ ರೂಪಗಳನ್ನು ತೋರಿಸುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದವೊಂದು ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಹೇಗೆ ಬಂದಿದೆ ಎಂದು ಉದಾಹರಣೆ ಕೊಡುತ್ತದೆ. 107 ವರ್ಷ ಬಾಳಿದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಮಾಡಿದ್ದು ಓದುಗರು ಕೇಳಿದ ಪದಗಳ ಮೂಲವನ್ನು ಬಿಡಿಸಿ ಹೇಳುವ ಕೆಲಸವನ್ನೇ. ಆ ಅಂಕಣ ಪುಸ್ತಕವಾಗಿಯೂ ಬಂದಿದೆ, ಶಾಲೆಯ ಕಪಾಟಿಗೆ ತರಲೇಬೇಕಾದದ್ದು.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಒಂದು ನೋಟ್‌ಬುಕ್, ಒಂದು ಪುಟಕ್ಕೆ ಒಂದು ಧಾತು, ಅದರ ಕೆಳಗೆ ಓದುವಾಗ ಸಿಕ್ಕ ಪದಗಳು ಒಂದೊಂದಾಗಿ ಸೇರುತ್ತ ಹೋಗಬೇಕು. ರಾತ್ರಿ ಅಪ್ಪನೋ ಅಕ್ಕನೋ ಗಟ್ಟಿಯಾಗಿ ಓದಲಿ, ಮಗು ಬರೆಯಲಿ. ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆ ಬೇಡ. ಏಕೆ ತಪ್ಪಿತು ಎಂದು ಪಕ್ಕದಲ್ಲಿ ಒಂದು ಸಾಲು ಬರೆಸಿದರೆ ಅದು ಮತ್ತೆ ತಪ್ಪುವುದು ಕಡಿಮೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಶಿಕ್ಷಕರಲ್ಲಿ ಒಂದು ಕೋರಿಕೆ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೆ ಜಾಗವಿದೆ. ನಿಮ್ಮ ಕ್ಲಸ್ಟರಿನಲ್ಲಿ ಈ ವರ್ಷ ಅದರ ಜೊತೆಗೆ ಉಕ್ತಲೇಖನದ ಒಂದು ಸುತ್ತನ್ನೂ ನಡೆಸಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಪದಗಳನ್ನು ಹುಳು ಮನೆಯಿಂದ, ಮಗ್ಗದಿಂದ, ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ಆರಿಸಿ. ಬರೆಯುವ ಮುನ್ನ ‘ಸಾರ್, ಇದು ಎಲ್ಲಿಂದ ಬಂದ ಪದ?’ ಎಂದು ಕೇಳುವ ಹಕ್ಕನ್ನು ಪ್ರತಿ ಮಗುವಿಗೂ ಕೊಡಿ, ಆ ಪ್ರಶ್ನೆಗೂ ಅಂಕ ಇಡಿ.