ಎರೆಮಣ್ಣಿಗೆ ಎಂಥಾ ಹಬ್?

ಹಳೆಯ ಫೋರ್‌ವೀಲ್ ಜೀಪು ಕೊಂಡವರು ಮೊದಲು ಟೈರು ಬದಲಿಸುತ್ತಾರೆ, ಆಮೇಲೆ ಲೈಟು. ಕೈಯಲ್ಲಿ ಇನ್ನೂ ಕಾಸು ಉಳಿದಿದ್ದರೆ ಮುಂಗಾಲಿಯ ಹಬ್ ಮೇಲೆ ಕಣ್ಣು ಬೀಳುತ್ತದೆ. ಹೊಳೆಯುವ ಫ್ರೀವೀಲ್ ಹಬ್, ವಿದೇಶಿ ಬೇರಿಂಗ್, ಅಗಲ ಗಾಲಿಗೊಂದು ಸ್ಪೇಸರ್. ದೀಪಾವಳಿಯಲ್ಲಿ ಹೋರಿಯ ಕೊರಳಿಗೆ ಕೊಬ್ಬರಿ ಹಾರ ಕಟ್ಟುವಂಥ ಉಮೇದು. ನೋಡಲು ಚಂದವೇ. ಆದರೆ ಬ್ಯಾಡಗಿ, ಹಾವೇರಿ ಸುತ್ತಿನ ಎರೆಹೊಲಗಳಲ್ಲಿ ಬೇರಿಂಗ್ ಸಾಯುವುದು ಹೆಚ್ಚಾಗಿ ತಾಕತ್ತು ಸಾಲದೆ ಅಲ್ಲ, ಸೀಲು ಹೋಗಿ.

ಮಳೆಗಾಲದಲ್ಲಿ ಎರೆಮಣ್ಣು ಗಾಲಿಯ ಒಳಮಗ್ಗುಲಿಗೆ ಮೆತ್ತಿಕೊಳ್ಳುತ್ತದೆ. ಒಣಗಿ ಗಟ್ಟಿಯಾದ ಮೇಲೆ ಸೀಲಿನ ರಬ್ಬರ್ ತುಟಿಯನ್ನು ಉಜ್ಜುತ್ತಲೇ ಇರುತ್ತದೆ. ಹೈವೇಯಲ್ಲಿ ಓಡಿ ಕಾದ ಗಾಡಿಯನ್ನು ಹಾಗೇ ವರದಾ ದಂಡೆಯ ಹಳ್ಳಕ್ಕೆ ಇಳಿಸಿದಿರೋ, ಹಬ್ ಒಳಗಿನ ಗಾಳಿ ತಣಿದು ಕುಗ್ಗಿ, ಸವೆದ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸು ಹಾಲುಬಣ್ಣಕ್ಕೆ ತಿರುಗುತ್ತದೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಪೈಪನ್ನು ನೇರ ಸೀಲಿಗೇ ಹಿಡಿದರಂತೂ ಹಳ್ಳವೂ ಬೇಕಿಲ್ಲ.

ಹಾಗಾಗಿ ನನ್ನ ಓಟು ಬಿಚ್ಚಿ ತೊಳೆಯಬಹುದಾದ ಹಬ್‌ಗೆ. ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದರು. ಆ ಸಂತತಿಯ ಹಳೆಯ ಮುಂಗಾಲಿಯಲ್ಲಿ ಎರಡು ಟೇಪರ್ ರೋಲರ್ ಬೇರಿಂಗುಗಳು ಎದುರುಬದುರು ಕೂತಿರುತ್ತವೆ: ಕೋನ್ 18590, ಕಪ್ 18520, ಒಳವ್ಯಾಸ 41.275 ಮಿ.ಮೀ. ಒಳಗಿನದಕ್ಕೂ ಹೊರಗಿನದಕ್ಕೂ ಒಂದೇ ನಂಬರು. ಒಂದು ಸೆಟ್ಟು ಗಾಡಿಯಲ್ಲಿದ್ದರೆ ಎಲ್ಲಿಗೂ ಆದೀತು. ನಿಮ್ಮ ಗಾಡಿಯದು ಬೇರೆ ಇದ್ದೀತು, ಆದ್ದರಿಂದ ರಾಣೆಬೆನ್ನೂರಿನ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಕೇಳಬೇಡಿ, ಹಳೆಯ ಕೋನಿನ ಅಂಚಿನ ಮೇಲಿನ ನಂಬರು ಓದಿ ಕೇಳಿ. ಹಳೇ ಕಪ್ ಉಳಿಸಿ ಹೊಸ ಕೋನ್ ಹಾಕುವ ಉಳಿತಾಯ ಬೇಡವೇ ಬೇಡ.

ಬೇರಿಂಗಿನ ಬ್ರ್ಯಾಂಡ್ ಬಗ್ಗೆ ನನಗೆ ಹಟವಿಲ್ಲ. 1946ರಲ್ಲಿ ಶುರುವಾದ ಜೈಪುರದ ಎನ್‌ಬಿಸಿ ಆದೀತು, ಎಸ್‌ಕೆಎಫ್ ಆದೀತು, ಟಿಮ್ಕೆನ್ ಆದೀತು. ನಕಲಿ ಡಬ್ಬಿಯ ಮಾಲು ಮಾತ್ರ ಆಗದು. 1898ರಲ್ಲಿ ಟೇಪರ್ ರೋಲರಿಗೆ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಕುದುರೆಗಾಡಿ ಕಟ್ಟುತ್ತಿದ್ದವನು. ಭಾರ ಬರೀ ಮೇಲಿನಿಂದ ಬರುವುದಿಲ್ಲ, ತಿರುವಿನಲ್ಲಿ ಮಗ್ಗುಲಿನಿಂದಲೂ ನೂಕುತ್ತದೆ ಎಂಬುದು ಗಾಡಿಯವನಿಗೆ ಗೊತ್ತಿರದಿದ್ದರೆ ಇನ್ಯಾರಿಗೆ?

ಎಷ್ಟು ದುಬಾರಿ ಬೇರಿಂಗ್ ತಂದರೂ ಅದರ ಹಣೆಬರಹ ನಟ್ಟು ಬಿಗಿಯುವವನ ಕೈಯಲ್ಲಿ. ಗಾಲಿ ತಿರುಗಿಸುತ್ತಲೇ ಒಳನಟ್ಟು ಬಿಗಿಯಬೇಕು. ಗಾಲಿ ಹಿಡಿದುಕೊಂಡಿತು ಅನ್ನಿಸಿದಾಗ ಸುಮಾರು ಆರನೇ ಒಂದು ಸುತ್ತು ಸಡಿಲಿಸಿ, ವಾಷರ್ ಇಟ್ಟು, ಎರಡನೇ ನಟ್ಟು ಹಾಕಿ, ವಾಷರಿನ ಅಂಚು ಮಡಚಬೇಕು. ಇದು ಹಳೇ ಜೀಪಿನ ಲೆಕ್ಕ. ಬೇರೆ ಗಾಡಿಗೆ ಅದರದೇ ಲೆಕ್ಕ. ಬಿಗಿಯಾದಷ್ಟೂ ಭದ್ರ ಎಂದು ಪೈಪು ಹಾಕಿ ಎಳೆದವರ ರೋಲರುಗಳು ನೀಲಿಗಟ್ಟಿ ಹೊರಬರುತ್ತವೆ. ಗ್ರೀಸನ್ನು ಅಂಗೈಯಲ್ಲಿಟ್ಟು, ರೋಲರುಗಳ ನಡುವೆ ಇಳಿದು ಆಚೆ ಕಾಣುವವರೆಗೆ ಒತ್ತಬೇಕು. ಮೇಲೆ ಸವರಿದರೆ ಸಾಲದು. ಎರಡು ಜಾತಿಯ ಗ್ರೀಸು ಕಲಸಬಾರದು. ಚಕ್ಕಡಿಗೆ ಕೀಲೆಣ್ಣೆ ಹಾಕಿ ಬಲ್ಲ ಸೀಮೆಗೆ ಇದನ್ನೆಲ್ಲ ಹೇಳಬೇಕಾಗಿ ಬಂದದ್ದೇ ಸೋಜಿಗ.

ಈಗಿನ ಹಲವು ಗಾಡಿಗಳಲ್ಲಿ ಹಬ್, ಬೇರಿಂಗ್ ಎರಡೂ ಸೇರಿ ಒಂದೇ ಸೀಲ್ಡ್ ಯೂನಿಟ್; ಎಬಿಎಸ್ ಸೆನ್ಸಾರಿನ ವ್ಯವಸ್ಥೆಯೂ ಅದರಲ್ಲೇ ಇರುವುದುಂಟು. ಅದನ್ನು ಬಿಚ್ಚಲು ಹೋಗಬೇಡಿ. ಶಬ್ದ ಶುರುವಾದರೆ ಕಂಪನಿಯದೇ ಯೂನಿಟ್ ತಂದು ಹಾಕಿ, ಮುಗಿಯಿತು.

ಫ್ರೀವೀಲ್ ಹಬ್ ಬೇಕೆ? ಹಳೇ ಜೀಪಿಗೆ ಬೇಕು ಎನ್ನುತ್ತೇನೆ. ಯುದ್ಧದಲ್ಲಿ ಮಿಕ್ಕ ಜೀಪುಗಳು ರಸ್ತೆಯ ಮೇಲೂ ಸಲೀಸಾಗಿ ಓಡಲೆಂದು 1948ರಲ್ಲಿ ಅಮೆರಿಕದ ಆರ್ಥರ್ ವಾರ್ನ್ ಈ ವ್ಯಾಪಾರ ಶುರುಮಾಡಿದ. ರಾಣೆಬೆನ್ನೂರಿಗೆ ಹೈವೇಯಲ್ಲಿ ಹೋಗುವಾಗ ಮುಂದಿನ ಆಕ್ಸಲ್ ಸುಮ್ಮನೆ ತಿರುಗುವ ಅಗತ್ಯವಿಲ್ಲ. ಕೈಯಿಂದ ತಿರುಗಿಸುವ ಲೋಹದ ಹಬ್ ಆರಿಸಿ, ಹೊಲಕ್ಕೆ ಇಳಿಯುವ ಮುಂಚೆಯೇ ಲಾಕ್ ಮಾಡಿ. ಹೂತುಕೊಂಡ ಮೇಲೆ ಕೆಸರಲ್ಲಿ ಮೊಣಕಾಲೂರಿ ಡಯಲ್ ಹುಡುಕುವುದು ಮರ್ಯಾದೆಯ ಕೆಲಸವಲ್ಲ.

ಸ್ಪೇಸರಿಗೆ ನನ್ನದು ಸಾರಾಸಗಟು ವಿರೋಧ. ಗಾಲಿ ಹೊರಕ್ಕೆ ಸರಿದಷ್ಟೂ ಹೊರಗಿನ ಬೇರಿಂಗ್ ಮೇಲೆ ಭಾರ ಏರುತ್ತದೆ. ಮೆಣಸಿನಕಾಯಿ ಚೀಲ ಹೇರುವ ಕ್ಯಾಂಪರ್ ಪಿಕಪ್ಪಿಗಂತೂ ಅದು ಆಗಿಬರುವುದಿಲ್ಲ.

ಇಷ್ಟಾಗಿ, ಗಾಲಿ ಅಲುಗಿದ ಮಾತ್ರಕ್ಕೆ ಬೇರಿಂಗನ್ನೇ ಬೈಯಬೇಡಿ. ಜಾಕ್ ಮೇಲೆತ್ತಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುವಾಗ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಅಲುಗಾಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಕಿಂಗ್‌ಪಿನ್ ನೋಡಿ, ಹಬ್ಬಿಗೆಂದು ಎತ್ತಿಟ್ಟ ದುಡ್ಡು ಅಲ್ಲಿಗೆ ಬೇಕಾದೀತು.